ಖಡೇಬಜಾರದ ಬೋರ್ಡಿಲ್ಲದ ಅಂಗಡಿ: ಹಳೆಯ ರೆಕಾರ್ಡ್ ಪ್ಲೇಯರ್ ದುರಸ್ತಿಯ ಅನುಭವ

ಬೆಳಗಾವಿಯ ಖಡೇಬಜಾರದಿಂದ ಒಳಗೆ ಸರಿದ ಒಂದು ಗಲ್ಲಿಯಲ್ಲಿ, ಹೊಲಿಗೆ ಯಂತ್ರದ ಬಿಡಿಭಾಗಗಳನ್ನು ಮಾರುವ ಅಂಗಡಿಯ ಪಕ್ಕಕ್ಕೆ, ಎರಡು ಮೆಟ್ಟಿಲು ಹತ್ತಿ ತಲೆ ಬಗ್ಗಿಸಿ ಒಳಗೆ ಹೋಗಬೇಕಾದ ಒಂದು ಸಣ್ಣ ಕೋಣೆಯಿದೆ. ಬಾಗಿಲ ಮೇಲೆ ಬೋರ್ಡಿಲ್ಲ. ಎಪ್ಪತ್ತು ದಾಟಿದ ಮಿಸ್ತ್ರಿಯೊಬ್ಬರು ಅಲ್ಲಿ ಹಳೆಯ ರೆಕಾರ್ಡ್ ಪ್ಲೇಯರ್, ವಾಲ್ವ್ ರೇಡಿಯೊ ಮತ್ತು ಆಂಪ್ಲಿಫೈಯರ್‌ಗಳನ್ನು ದುರಸ್ತಿ ಮಾಡುತ್ತಾರೆ. ಸುತ್ತಲಿನ ಅಂಗಡಿಯವರೆಲ್ಲ ಅವರನ್ನು ಕಾಕಾ ಎಂದೇ ಕರೆಯುವುದರಿಂದ ನಾನೂ ಹಾಗೆಯೇ ಕರೆಯುತ್ತೇನೆ. ಹೆಸರು ಮತ್ತು ಫೋನ್ ನಂಬರು ಬರೆಯಬೇಡ, ಇರುವ ಕೆಲಸವೇ ಮುಗಿಯುತ್ತಿಲ್ಲ ಎಂದು ಅವರು ಹೇಳಿದ್ದರಿಂದ ಎರಡನ್ನೂ ಬಿಟ್ಟಿದ್ದೇನೆ. ಆ ಗಲ್ಲಿಗೆ ಹೋಗಿ ರೇಡಿಯೊ ಕಾಕಾ ಎಲ್ಲಿ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ.

ನಾನು ಬಾಗಲಕೋಟೆಯವನು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಒಂದು ಭಾಗ ಹೋಗಿ, ಜನ ನವನಗರಕ್ಕೆ ಸ್ಥಳಾಂತರಗೊಂಡ ವರ್ಷಗಳಲ್ಲಿ ಎಷ್ಟೋ ಮನೆಗಳ ಅಟ್ಟದ ಸಾಮಾನು ಗುಜರಿಯ ಪಾಲಾಯಿತು. ನಮ್ಮ ಅಜ್ಜಿಯ ರೆಕಾರ್ಡುಗಳು ಮಾತ್ರ, ಒಂದು ತಗಡಿನ ಟ್ರಂಕಿನಲ್ಲಿ ಹಳೆಯ ಇಳಕಲ್ ಸೀರೆಯ ಮಡಿಕೆಗಳ ನಡುವೆ, ಹೊಸ ಮನೆಯವರೆಗೆ ಸುರಕ್ಷಿತವಾಗಿ ಬಂದವು. ಅವು ಒಟ್ಟು 23, ಎಲ್ಲವೂ 78ರ ವೇಗದವು, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವಂಥವು. ಅಜ್ಜಿ ಅವನ್ನು ತಬಕಡಿ ಎನ್ನುತ್ತಿದ್ದರು. ಬೀಳಗಿಯಲ್ಲಿ ಹುಟ್ಟಿ ಮುಂಬಯಿಗೆ ಹೋಗಿ ಹೆಸರಾದ ಅಮೀರಬಾಯಿ ಕರ್ನಾಟಕಿಯವರ ಹಾಡುಗಳು, ಅವರ ಸಹೋದರಿ ಗೋಹರಬಾಯಿಯವರ ಒಂದೆರಡು, ಮತ್ತು ಗಂಗೂಬಾಯಿ ಹಾನಗಲ್ಲರ ದನಿ ಇನ್ನೂ ತೆಳುವಾಗಿದ್ದ ಕಾಲದ ಒಂದು ರೆಕಾರ್ಡು ಆ ಟ್ರಂಕಿನಲ್ಲಿವೆ. ಇವನ್ನು ಕೇಳಲು ಮನೆಯಲ್ಲಿ ಯಂತ್ರವಿರಲಿಲ್ಲ. ಹೊಸದಾಗಿ ಸಿಗುವ ಅಗ್ಗದ ಸೂಟ್‌ಕೇಸ್ ಪ್ಲೇಯರ್‌ಗಳಲ್ಲಿ 78ರ ಗುಂಡಿಯಿರುತ್ತದೆಯಾದರೂ, ಅದರ ಜೊತೆಗೆ ಬರುವ ಸೂಜಿ ಎಲ್‌ಪಿಗೆಂದು, ಅಂದರೆ ಆಮೇಲೆ ಬಂದ 33⅓ ಸುತ್ತಿನ ವಿನೈಲ್ ರೆಕಾರ್ಡಿಗೆಂದು, ಮಾಡಿದ ಸಣ್ಣ ಸೂಜಿ. ಆದ್ದರಿಂದ ಹಳೆಯ ಯಂತ್ರವೇ ಬೇಕೆಂದು ಹುಡುಕಿದೆ. ಕೊನೆಗೆ ನಮ್ಮೂರಿನ ಗುಜರಿಯಲ್ಲೇ 2,200 ರೂಪಾಯಿಗೆ ಗ್ಯಾರಾರ್ಡ್ ಕಂಪನಿಯ ನಾಲ್ಕು ವೇಗದ ಒಂದು ಆಟೋ ಚೇಂಜರ್, ಅಂದರೆ ಪೇರಿಸಿಟ್ಟ ರೆಕಾರ್ಡುಗಳನ್ನು ಒಂದಾದ ಮೇಲೊಂದು ತಾನೇ ಹಾಕಿಕೊಳ್ಳುವ ಪ್ಲೇಯರ್, ಸಿಕ್ಕಿತು. ಸ್ವಿಚ್ ಹಾಕಿದರೆ ಮೋಟಾರು ಗುಂಯ್ ಎನ್ನುತ್ತಿತ್ತು, ತಟ್ಟೆ ಮಾತ್ರ ಅಲುಗುತ್ತಿರಲಿಲ್ಲ.

ಇದಕ್ಕೂ ಮೊದಲು ಒಮ್ಮೆ ದೂರದ ಊರಿನ ಮಾರಾಟಗಾರನೊಬ್ಬನಿಂದ ಇನ್ನೊಂದು ಯಂತ್ರವನ್ನು ಪಾರ್ಸೆಲಿನಲ್ಲಿ ತರಿಸಿ ಕಳೆದುಕೊಂಡಿದ್ದೆ. ಮೇಲಿನ ಲೋಹದ ತಟ್ಟೆಯನ್ನು ಬಿಚ್ಚಿ ಬೇರೆ ಸುತ್ತದೆ, ಸೂಜಿ ಹಿಡಿಯುವ ತೋಳನ್ನು ಕಟ್ಟದೆ ಕಳಿಸಿದ್ದರಿಂದ ದಾರಿಯಲ್ಲಿ ತಟ್ಟೆಯೇ ಹಾರಿ ತೋಳಿನ ಬೇರಿಂಗನ್ನು ಮುರಿದಿತ್ತು. ಈ ಸಲ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಲೋಕಾಪುರ ಮತ್ತು ಯರಗಟ್ಟಿಯ ದಾರಿಯಲ್ಲಿ ಬಸ್ಸಿನಲ್ಲೇ ಬೆಳಗಾವಿಗೆ ಒಯ್ದೆ.

ಕಾಕಾ ಅವರ ಬಗ್ಗೆ ನನಗೆ ಮೊದಲ ದಿನವೇ ನಂಬಿಕೆ ಹುಟ್ಟಿದ್ದಕ್ಕೆ ಕಾರಣ, ಅವರು ನೋಡುವ ಮೊದಲು ದರ ಹೇಳಲಿಲ್ಲ. "ರೊಕ್ಕದ ಮಾತು ಆಮ್ಯಾಲೆ ತಮ್ಮಾ, ಮೊದಲ ಇದರಾಗ ಏನೇನು ಐತಿ ಅನ್ನೂದನ್ನ ನೋಡೂಣು" ಎಂದು ತಟ್ಟೆಯನ್ನು ಎತ್ತಿ ಬದಿಗಿಟ್ಟು, ಒಂದೊಂದು ಭಾಗವನ್ನೂ ಬೆರಳಿನಿಂದ ಮುಟ್ಟಿ ತೋರಿಸುತ್ತ ಹೋದರು. ಅವರ ಮೊದಲ ಪ್ರಶ್ನೆ ಏನು ಕೆಟ್ಟಿದೆ ಎಂಬುದಲ್ಲ, ಏನು ಇಲ್ಲ ಎಂಬುದು. ತೋಳಿನ ತುದಿಯಲ್ಲಿ ಸೂಜಿಯ ಭಾಗ ಕೂರುವ ಚಿಪ್ಪು, ನಡುವಿನ ರಬ್ಬರ್ ಚಕ್ರ, ಮೋಟಾರಿನ ಮೆಟ್ಟಿಲು ಮೆಟ್ಟಿಲಾದ ಪುಲ್ಲಿ, ತೋಳಿನ ಹಿಂದಿನ ತೂಕ ಅಥವಾ ಸ್ಪ್ರಿಂಗ್, ಇವು ಇದ್ದರೆ ಕೆಲಸ ಮುಂದಕ್ಕೆ ಹೋಗುತ್ತದೆ. "ಕೆಟ್ಟದ್ದನ್ನ ಮಾಡಿ ಕೊಡತೀನಿ, ಇಲ್ಲದ್ದನ್ನ ಎಲ್ಲಿಂದ ತರಲಿ?" ಎಂದರು. ಗುಜರಿಯಲ್ಲಿ ಕರೆಂಟಿಲ್ಲದೆ ಯಂತ್ರ ನೋಡಿ ಕೊಳ್ಳುವವರಿಗೆ ಇದಕ್ಕಿಂತ ಉಪಯುಕ್ತ ಮಾತನ್ನು ನಾನು ಕೇಳಿಲ್ಲ. ಮರದ ಪೆಟ್ಟಿಗೆಯ ಹೊಳಪು ನೋಡಿ ಹಣ ಕೊಡುವವರು ಎಷ್ಟೋ ಸಲ ಚಿಪ್ಪು ಇಲ್ಲದ ತೋಳನ್ನು ಮನೆಗೆ ತರುತ್ತಾರೆ.

ನನ್ನ ಯಂತ್ರದಲ್ಲಿ ಎಲ್ಲವೂ ಇದ್ದವು, ಆದರೆ ಅರ್ಧ ಶತಮಾನದ ವಯಸ್ಸು ಎಲ್ಲದರ ಮೇಲೂ ಕೂತಿತ್ತು. ಇದು ತಯಾರಕರ ದೋಷವಲ್ಲ. ಇಂಥ ಚೇಂಜರ್‌ನ ಕೆಳಗೆ ಹತ್ತಾರು ಸನ್ನೆಗಳೂ ಜಾರುಪಟ್ಟಿಗಳೂ ಇರುತ್ತವೆ. ಕಾರ್ಖಾನೆಯಲ್ಲಿ ಅವಕ್ಕೆ ಹಚ್ಚಿದ ಗ್ರೀಸು ವರ್ಷಗಳು ಕಳೆದಂತೆ ಎಣ್ಣೆಯಂಶವನ್ನು ಕಳೆದುಕೊಂಡು, ಆರಿದ ಮೇಣದಂತೆ ಗಟ್ಟಿಯಾಗಿ, ಜಾರಿಸಬೇಕಾದ ಭಾಗಗಳನ್ನೇ ಹಿಡಿದು ನಿಲ್ಲಿಸುತ್ತದೆ. ಇದರ ಮೇಲೆ ಡಬ್ಬಿಯ ಸ್ಪ್ರೇ ಹೊಡೆದರೆ ಎರಡು ದಿನ ಸಡಿಲವಾದಂತೆ ಕಾಣುತ್ತದೆ. ಆಮೇಲೆ ಆ ಎಣ್ಣೆ ಹರಿದು ರಬ್ಬರ್ ಚಕ್ರಕ್ಕೆ ತಗುಲಿ ಅದು ಜಾರತೊಡಗುತ್ತದೆ. ಕಾಕಾ ಹಾಗೆ ಮಾಡುವುದಿಲ್ಲ. ಅವರು ಪ್ರತಿ ಭಾಗದ ಫೋಟೊವನ್ನು ಮೊಮ್ಮಗಳಿಂದ ತೆಗೆಸಿ, ಬಿಚ್ಚಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ಒಣಗಿಸಿ, ಹೊಸ ಗ್ರೀಸನ್ನು ಕಡ್ಡಿಯ ತುದಿಯಿಂದ ಬೇಕಾದಷ್ಟೇ ಹಚ್ಚುತ್ತಾರೆ. ಮೋಟಾರಿನ ಕಂಚಿನ ಬುಶ್ಶುಗಳು ಸೂಕ್ಷ್ಮ ರಂಧ್ರಗಳಲ್ಲಿ ಎಣ್ಣೆ ಹೀರಿಕೊಂಡು ಕೆಲಸ ಮಾಡುವಂಥವು. ಅವನ್ನು ಒಂದು ರಾತ್ರಿ ತೆಳು ಎಣ್ಣೆಯಲ್ಲಿ ನೆನೆಸಿಟ್ಟು ಮತ್ತೆ ಜೋಡಿಸಿದ ಮೇಲೆ ಮೋಟಾರಿನ ಗುಂಯ್ ಸದ್ದು ಬಹುತೇಕ ನಿಂತಿತು.

ರಬ್ಬರ್ ಚಕ್ರದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಡೀ ಕೆಲಸದಲ್ಲಿ ಬೆಳಗಾವಿಯ ಅನುಕೂಲ ಎದ್ದು ಕಂಡದ್ದು ಇಲ್ಲಿಯೇ. ಈ ಬಗೆಯ ಯಂತ್ರದಲ್ಲಿ ಮೋಟಾರಿನ ಪುಲ್ಲಿಗೂ ತಟ್ಟೆಯ ಒಳ ಅಂಚಿಗೂ ನಡುವೆ ಐಡ್ಲರ್ ಎಂಬ ಸಣ್ಣ ಚಕ್ರ ಒತ್ತಿಕೊಂಡು ತಿರುಗುತ್ತದೆ, ಮತ್ತು ಅದರ ಅಂಚಿನ ರಬ್ಬರು ಮೆತ್ತಗಿರಬೇಕು, ಸರಿಯಾಗಿ ದುಂಡಗಿರಬೇಕು. ನನ್ನದು ಗಾಜಿನಂತೆ ಗಟ್ಟಿಯಾಗಿ ಹೊಳೆಯುತ್ತಿತ್ತು, ಒಂದು ಕಡೆ ತಗ್ಗು ಬಿದ್ದಿತ್ತು. ಆ ತಗ್ಗು ಪ್ರತಿ ಸುತ್ತಿಗೂ ಒಂದು ಬಡಿತವಾಗಿ ಹಾಡಿನ ಕೆಳಗೆ ಗುಡುಗುಡು ಎಂದು ಕೇಳಿಸುತ್ತದೆ. ಹೊಸ ಚಕ್ರವನ್ನು ವಿದೇಶದಿಂದ ತರಿಸಿದರೆ ಯಂತ್ರದ ಬೆಲೆಯಷ್ಟೇ ಖರ್ಚಾಗುತ್ತಿತ್ತು. ಕಾಕಾ ಅದನ್ನು ಉದ್ಯಮಬಾಗಕ್ಕೆ ಕಳಿಸಿದರು. ಪಂಪು, ಹೈಡ್ರಾಲಿಕ್ ಸಾಮಾನು ಮತ್ತು ಎರಕದ ಕೆಲಸಕ್ಕೆ ಹೆಸರಾದ ಆ ಪ್ರದೇಶದಲ್ಲಿ ರಬ್ಬರ್ ಸೀಲು ಮಾಡುವವರಿಗೂ ಲೇಥಿನಲ್ಲಿ ನುರಿತವರಿಗೂ ಕೊರತೆಯಿಲ್ಲ. ಹಳೆಯ ರಬ್ಬರನ್ನು ಕಿತ್ತು, ಹೊಸದನ್ನು ಕೂರಿಸಿ, ಚಕ್ರವನ್ನು ಅದರ ಅಚ್ಚಿನ ಮೇಲೆಯೇ ತಿರುಗಿಸಿ ಲೇಥಿನಲ್ಲಿ ಅಳತೆಗೆ ತೆಗೆದು ಕೊಟ್ಟಿದ್ದಕ್ಕೆ 450 ರೂಪಾಯಿ ಆಯಿತು. ಹೈಡ್ರಾಲಿಕ್ ಸಿಲಿಂಡರಿನ ಅಳತೆಗೆ ಪಳಗಿದ ಕೈಗೆ ಇದು ಅರ್ಧ ತಾಸಿನ ಕೆಲಸವಂತೆ. ಹಳೆಯ ಯಂತ್ರಗಳಿಗಾಗಿ ಮುಂಬಯಿಯ ಚೋರ್ ಬಜಾರಿಗೇ ಹೋಗಬೇಕೆಂದು ತಿಳಿದವರು ನಮ್ಮ ಜಿಲ್ಲೆಗಳ ಈ ಅನುಕೂಲವನ್ನು ಗಮನಿಸಬೇಕೆಂದು ನನಗೆ ಅನ್ನಿಸುತ್ತದೆ.

ಸೂಜಿಗೆ ಬರುತ್ತೇನೆ. ಹಣ ಕಡಿಮೆಯಿರುವವರು ಮೊದಲು ಖರ್ಚು ಮಾಡಬೇಕಾದ್ದು ಇಲ್ಲಿಯೇ ಎಂಬುದು ಕಾಕಾ ಅವರ ಖಚಿತ ಅಭಿಪ್ರಾಯ, ಈಗ ನನ್ನದೂ ಹೌದು. 78ರ ರೆಕಾರ್ಡುಗಳ ಗೆರೆ ಅಗಲವಾದದ್ದು, ಅದಕ್ಕೆ ಸುಮಾರು 3 ಮಿಲ್, ಅಂದರೆ 76 ಮೈಕ್ರಾನ್ ತ್ರಿಜ್ಯದ ತುದಿಯ ಸೂಜಿ ಬೇಕು. 1948ರಲ್ಲಿ ಎಲ್‌ಪಿ ಬಂದ ಮೇಲೆ ಗೆರೆ ಸಣ್ಣದಾಯಿತು, ಸೂಜಿ 1 ಮಿಲ್ಲಿಗೆ, ಮುಂದೆ ಅದಕ್ಕಿಂತಲೂ ಕೆಳಗೆ ಇಳಿಯಿತು. ಸಣ್ಣ ಸೂಜಿಯನ್ನು ಅಗಲವಾದ ಗೆರೆಯಲ್ಲಿ ಇಟ್ಟರೆ ಅದು ಗೋಡೆಗಳನ್ನು ಹಿಡಿಯದೆ ತಳಕ್ಕೆ ಇಳಿದು, ಅಲ್ಲಿ ಕೂತ ಧೂಳನ್ನೂ ಗೀರುಗಳನ್ನೂ ಎತ್ತಿ ಕೇಳಿಸುತ್ತದೆ. ಹಳೆಯ ಹಾಡುಗಳೆಂದರೆ ಚರಪರ ಸದ್ದೇ ಎಂದು ಅನೇಕರು ನಂಬಿರುವುದಕ್ಕೆ ಇದೊಂದು ಕಾರಣ. ಹಳೆಯ ಚೇಂಜರ್‌ಗಳಲ್ಲಿ ಇದಕ್ಕೊಂದು ಸರಳ ಉಪಾಯವಿತ್ತು: ಸೂಜಿಯ ಕಂಪನವನ್ನು ವಿದ್ಯುತ್ತಾಗಿಸುವ ಒಂದೇ ಕಾರ್ಟ್ರಿಜ್‌ನಲ್ಲಿ ಬೆನ್ನಿಗೆ ಬೆನ್ನು ಹಚ್ಚಿದ ಎರಡು ಸೂಜಿಗಳು, ಸಣ್ಣ ಕಡ್ಡಿಯನ್ನು ತಿರುಗಿಸಿದರೆ ಒಮ್ಮೆ ಎಲ್‌ಪಿಯದು, ಇನ್ನೊಮ್ಮೆ 78ರದು. ನನ್ನ ಯಂತ್ರದಲ್ಲಿದ್ದ ಮೂಲ ಕಾರ್ಟ್ರಿಜ್ ಸತ್ತಿತ್ತು. ಹಳೆಯ ಕ್ರಿಸ್ಟಲ್ ಕಾರ್ಟ್ರಿಜ್‌ಗಳಲ್ಲಿ ರೋಶೆಲ್ ಲವಣದ ಹರಳು ಇರುತ್ತಿತ್ತು, ತೇವ ಮತ್ತು ಬಿಸಿಲಿನ ಝಳ ಎರಡೂ ಅದಕ್ಕೆ ಆಗದವು. ಬೆಳಗಾವಿಯ ಮಳೆಯಿಂದ ತಪ್ಪಿಸಿಕೊಂಡದ್ದು ಬಾಗಲಕೋಟೆಯ ಬೇಸಿಗೆಯಲ್ಲಿ ಕೆಡುತ್ತದೆ. ಆ ಜಾಗಕ್ಕೆ ಹೊಂದುವ, ತಿರುಗಿಸಬಹುದಾದ ಎರಡು ಸೂಜಿಯ ಸ್ಟೀರಿಯೊ ಸೆರಾಮಿಕ್ ಕಾರ್ಟ್ರಿಜ್ 1,100 ರೂಪಾಯಿಗೆ ಸಿಕ್ಕಿತು.

ಇಲ್ಲೊಂದು ತೊಡಕಿದೆ, ಅದನ್ನು ಕಾಕಾ ಮುಚ್ಚಿಡಲಿಲ್ಲ. ಸೆರಾಮಿಕ್ ಕಾರ್ಟ್ರಿಜ್ ರೆಕಾರ್ಡಿನ ಮೇಲೆ ಹಾಕುವ ಒತ್ತಡ 4ರಿಂದ 6 ಗ್ರಾಂ. ಕೀಲಿ ಕೊಡುವ ಹಳೆಯ ಗ್ರಾಮೊಫೋನಿನ ತಲೆಯ ಒತ್ತಡ ನೂರು ಗ್ರಾಂ ದಾಟುತ್ತಿತ್ತು, ಅದಕ್ಕೆ ಹೋಲಿಸಿದರೆ ಇದು ಏನೂ ಅಲ್ಲ. ಆದರೆ ಒಳ್ಳೆಯ ಮ್ಯಾಗ್ನೆಟಿಕ್ ಕಾರ್ಟ್ರಿಜ್ 2 ಗ್ರಾಂ ಆಸುಪಾಸಿನಲ್ಲೇ ನುಡಿಸುತ್ತದೆ. ಹೊಸ, ದುಬಾರಿ ಎಲ್‌ಪಿಗಳನ್ನು ಈ ಯಂತ್ರದಲ್ಲಿ ದಿನಾ ಹಾಕಬೇಡ, ಅವಕ್ಕೆ ಬೇರೆಯದನ್ನು ಕೊಂಡುಕೋ ಎಂದು ಅವರು ನೇರವಾಗಿ ಹೇಳಿದರು. ತಮ್ಮ ಅಂಗಡಿಯಲ್ಲಿ ಮಾರಾಟಕ್ಕಿದ್ದ ಯಂತ್ರವನ್ನು ತೋರಿಸಲಿಲ್ಲ. ಆಂಪ್ಲಿಫೈಯರ್‌ಗೆ ಜೋಡಿಸುವಾಗಲೂ ಹೀಗೆಯೇ ಒಂದು ಸೂಕ್ಷ್ಮವಿದೆ. ಮ್ಯಾಗ್ನೆಟಿಕ್ ಕಾರ್ಟ್ರಿಜ್ ಕೆಲವೇ ಮಿಲಿವೋಲ್ಟ್ ಕೊಡುವುದರಿಂದ ಆ ಸಣ್ಣ ಸಂಕೇತವನ್ನು ಮೊದಲೇ ಹಿಗ್ಗಿಸುವ ಫೋನೊ ಪ್ರಿಆಂಪ್ ಬೇಕು. ಸೆರಾಮಿಕ್‌ಗೆ ಬೇಡ, ಅದರ ಸದ್ದು ಸಾಕಷ್ಟು ಜೋರಾಗಿಯೇ ಬರುತ್ತದೆ. ಆದರೂ ಅದನ್ನು ಇಂದಿನ ಆಂಪ್ಲಿಫೈಯರಿನ ಆಕ್ಸ್ ಕಿಂಡಿಗೆ ನೇರವಾಗಿ ಸಿಕ್ಕಿಸಿದರೆ ತಬಲಾದ ಡಗ್ಗಾ ಮಾಯವಾಗುತ್ತದೆ, ಏಕೆಂದರೆ ಸೆರಾಮಿಕ್‌ಗೆ ಸುಮಾರು 1 ಮೆಗಾಓಮ್‌ನಷ್ಟು ದೊಡ್ಡ ಪ್ರತಿರೋಧ ಎದುರಿಗಿರಬೇಕು, ಇಂದಿನ ಕಿಂಡಿಗಳಲ್ಲಿ ಇರುವುದು ಅದರ ಸಣ್ಣ ಭಾಗ ಮಾತ್ರ. ಕಾಕಾ ಅಷ್ಟು ದೊಡ್ಡ ಪ್ರತಿರೋಧ ಒದಗಿಸುವ, ಎಫ್‌ಇಟಿ ಎಂಬ ಬಗೆಯ ಟ್ರಾನ್ಸಿಸ್ಟರಿನ ಒಂದು ಸಣ್ಣ ಬೋರ್ಡನ್ನು ಕೈಯಾರೆ ಕಟ್ಟಿ ಯಂತ್ರದೊಳಗೇ ಕೂರಿಸಿದರು. ಅದಕ್ಕೆ 350 ರೂಪಾಯಿ. ನಾನು ಖರ್ಚು ಮಾಡಿದ ಹಣದಲ್ಲಿ ಕಿವಿಗೆ ಅತಿ ಹೆಚ್ಚು ವ್ಯತ್ಯಾಸ ಕೊಟ್ಟದ್ದು ಸೂಜಿಯ ನಂತರ ಇದೇ.

ವೇಗ ಹೊಂದಿಸುವ ದಿನ ನನ್ನನ್ನು ಬರಲು ಹೇಳಿದ್ದರು. ಮನೆಯಲ್ಲೇ ಮುದ್ರಿಸಬಹುದಾದ ಗೆರೆಗಳ ಒಂದು ವೃತ್ತವನ್ನು ತಟ್ಟೆಯ ಮೇಲಿಟ್ಟು, ಮೇಲಿಂದ ದೀಪ ಹಿಡಿದು ನೋಡುತ್ತಾರೆ. ನಮ್ಮ ಕರೆಂಟು 50 ಹರ್ಟ್ಸಿನದಾದ್ದರಿಂದ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. 180 ಗೆರೆಗಳ ವೃತ್ತ 33⅓ರ ವೇಗದಲ್ಲಿ ತಿರುಗಿದರೆ ಗೆರೆಗಳು ನಿಂತಂತೆ ಕಾಣುತ್ತವೆ. 78ಕ್ಕೆ 77 ಗೆರೆಗಳು ಸಾಕು. ಗೆರೆಗಳು ಹಿಂದಕ್ಕೆ ಸರಿದರೆ ವೇಗ ಕಡಿಮೆ, ಮುಂದಕ್ಕೆ ಸರಿದರೆ ಹೆಚ್ಚು. ಇದಕ್ಕೆ ನಿಯಾನ್ ದೀಪವೋ ಹಳೆಯ ತಂತಿ ಬಲ್ಬೋ ಬೇಕು, ಅನೇಕ ಎಲ್‌ಇಡಿ ದೀಪಗಳು ಹೀಗೆ ಮಿನುಗುವುದಿಲ್ಲ. ನಮ್ಮ ಮನೆಯಲ್ಲಿ ಅಜ್ಜನ ಹಾರ್ಮೋನಿಯಂ ಇದೆ. ನೂರಕ್ಕೆ 6ರಷ್ಟು ವೇಗ ತಗ್ಗಿದರೆ ಸ್ವರ ಅರ್ಧ ಮೆಟ್ಟಿಲು ಇಳಿಯುತ್ತದೆ, ಕರಿ ಒಂದರಲ್ಲಿ ಹಾಡಿದ್ದು ಬಿಳಿ ಒಂದಕ್ಕೆ ಬಂದು ಕೂರುತ್ತದೆ, ಹಾಡುವವರ ವಯಸ್ಸೇ ಹೆಚ್ಚಿದಂತೆ ಕೇಳುತ್ತದೆ. ಗಂಗೂಬಾಯಿಯವರ ಎಳೆಯ ದನಿಯ ಆ ರೆಕಾರ್ಡಿಗೆ ಇದು ಎಷ್ಟು ಮುಖ್ಯವೆಂದು ಬೇರೆ ಹೇಳಬೇಕಿಲ್ಲ.

ಅದೇ ದಿನ ಇನ್ನೊಬ್ಬ ಗಿರಾಕಿ, ಅಮೆರಿಕದಲ್ಲಿದ್ದ ಅಳಿಯ ತಂದುಕೊಟ್ಟ ಒಂದು ಚೆಂದದ ಬೆಲ್ಟ್ ಡ್ರೈವ್ ಯಂತ್ರವನ್ನು ಹಿಡಿದು ಬಂದಿದ್ದರು. 110 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹಾಕಿದ್ದಾರೆ, ಆದರೂ ಹಾಡು ಅಳುವಂತೆ ನಿಧಾನ. ಕಾಕಾ ಅದರ ಮೋಟಾರಿನ ಮೇಲಿನ ಚೀಟಿ ಓದಿ, ಅದು 60 ಹರ್ಟ್ಸಿಗೆ ಮಾಡಿದ್ದು, ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಹರ್ಟ್ಸನ್ನು ಬದಲಿಸುವುದಿಲ್ಲ ಎಂದು ತಿಳಿಸಿದರು. ಅಂಥ ಯಂತ್ರ ಇಲ್ಲಿ ಆರರಲ್ಲಿ ಐದು ಪಾಲು ವೇಗಕ್ಕೆ, ಅಂದರೆ 33⅓ರ ಬದಲು 28ಕ್ಕಿಂತ ಸ್ವಲ್ಪ ಕೆಳಗೆ, ಓಡುತ್ತದೆ. ಸ್ವಲ್ಪ ದಪ್ಪನೆಯ ಪುಲ್ಲಿಯನ್ನು ಲೇಥಿನಲ್ಲಿ ಮಾಡಿಸಬೇಕು, ಅಷ್ಟೇ. ಆ ಹಿರಿಯರು ಇನ್ನೆಲ್ಲೋ ಮೋಟಾರನ್ನೇ ಬದಲಿಸಲು ದೊಡ್ಡ ಮೊತ್ತ ಹೇಳಿಸಿಕೊಂಡು ಬಂದಿದ್ದರಂತೆ.

ಆಂಪ್ಲಿಫೈಯರ್ ಮತ್ತು ಸ್ಪೀಕರ್ ಕೆಲಸದ ಬಗ್ಗೆ ಹೆಚ್ಚು ಹೇಳಲಾರೆ, ನಾನು ಮಾಡಿಸಿಲ್ಲ. ಒಣಗಿದ ಎಲೆಕ್ಟ್ರೊಲೈಟಿಕ್ ಕೆಪಾಸಿಟರ್‌ಗಳನ್ನು ಬದಲಿಸಿ ಗುಂಯ್‌ಗುಡುವಿಕೆ ಕಳೆದದ್ದನ್ನು ಮಾತ್ರ ಒಂದೆರಡು ಸೆಟ್ಟುಗಳಲ್ಲಿ ಕೇಳಿದ್ದೇನೆ. ಸುರಕ್ಷತೆಯ ವಿಷಯದಲ್ಲಿ ಅವರು ಕಟ್ಟುನಿಟ್ಟು: ಎರಡು ತಂತಿಯ ಹಳೆಯ ವೈರನ್ನು ಕಿತ್ತು, ಮೂರು ಪಿನ್ನಿನ ವೈರ್ ಹಾಕಿ, ಲೋಹದ ಮೈಗೆ ಅರ್ಥಿಂಗ್ ಕೊಡದೆ ಯಾವ ಯಂತ್ರವನ್ನೂ ಹೊರಗೆ ಬಿಡುವುದಿಲ್ಲ.

ಕೊರತೆಗಳನ್ನೂ ಹೇಳಬೇಕು. ಮೂರು ವಾರ ಎಂದವರು ಒಂಬತ್ತು ವಾರ ತೆಗೆದುಕೊಂಡರು. ಫೋನ್ ಎತ್ತುವುದು ಅಪರೂಪ, ಎತ್ತಿದರೂ ಕೆಲಸ ಎಲ್ಲಿಗೆ ಬಂದಿದೆ ಎಂದು ಹೇಳುವುದಿಲ್ಲ. ದೂರದಿಂದ ಬರುವವರಿಗೆ ಇದು ನಿಜವಾದ ತೊಂದರೆ, ನಾನು ಎರಡು ಸಲ ಬರಿಗೈಯಲ್ಲಿ ಬಾಗಲಕೋಟೆಗೆ ಮರಳಿದೆ. ಮುದ್ರಿತ ಬಿಲ್ಲು ಇಲ್ಲ, ನೋಟುಬುಕ್ಕಿನ ಹಾಳೆಯಲ್ಲಿ ಬರೆದುಕೊಡುತ್ತಾರೆ. ಮರದ ಪೆಟ್ಟಿಗೆಗೆ ಪಾಲಿಶ್ ಮಾಡುವುದು, ಬಣ್ಣ ಹಚ್ಚುವುದು ಅವರ ಕೆಲಸವಲ್ಲ, ಕೇಳಿದರೆ ಬೇಸರಪಡುತ್ತಾರೆ. ಆದರೆ ಬದಲಿಸಿದ ಪ್ರತಿಯೊಂದು ಹಳೆಯ ಭಾಗವನ್ನೂ ಒಂದು ಪೊಟ್ಟಣದಲ್ಲಿ ಹಾಕಿ ವಾಪಸ್ಸು ಕೊಟ್ಟರು, ಕೇಳದೆಯೇ. ಅವರ ಮಜೂರಿ 1,800, ವೈರು ಮತ್ತು ಚಿಲ್ಲರೆ ಸಾಮಾನಿಗೆ 200. ಯಂತ್ರದ ಬೆಲೆಯೂ ಸೇರಿ ಒಟ್ಟು 6,100 ರೂಪಾಯಿಗೆ ನನ್ನ ಕೆಲಸ ಮುಗಿಯಿತು.

ರೆಕಾರ್ಡ್ ತೊಳೆಯುವ ವಿಷಯದಲ್ಲಿ ಅವರು ನನ್ನನ್ನು ಒಂದು ದೊಡ್ಡ ತಪ್ಪಿನಿಂದ ಉಳಿಸಿದರು. ಎಲ್‌ಪಿ ತೊಳೆಯುವ ದ್ರವದಲ್ಲಿ ಸ್ವಲ್ಪ ಆಲ್ಕೊಹಾಲ್ ಸೇರಿಸುವವರಿದ್ದಾರೆ, ವಿನೈಲಿಗೆ ಅದು ನಡೆಯುತ್ತದೆ. 78ರ ರೆಕಾರ್ಡುಗಳಲ್ಲಿರುವುದು ಅರಗು, ಅರಗಿನ ಹುಳು ಕೊಡುವ ಅದೇ ಶೆಲ್ಲಾಕ್, ಬಡಗಿಗಳು ಪಾಲಿಶ್‌ಗೆ ಸ್ಪಿರಿಟ್ಟಿನಲ್ಲಿ ಕರಗಿಸುವಂಥದ್ದು. ಆಲ್ಕೊಹಾಲ್ ತಗುಲಿದರೆ ಗೆರೆಗಳೇ ಕರಗುತ್ತವೆ. ಡಿಸ್ಟಿಲ್ಡ್ ನೀರಿಗೆ ಒಂದೆರಡು ಹನಿ ಸೌಮ್ಯ ಸೋಪು ಹಾಕಿ, ಲೇಬಲ್ ನೆನೆಯದಂತೆ ಮೆತ್ತನೆಯ ಬಟ್ಟೆಯಿಂದ ಗೆರೆಯ ಗುಂಟ ಒರೆಸಿ, ಮತ್ತೆ ಬರಿಯ ನೀರಿನಲ್ಲಿ ಒರೆಸಿ, ನೆರಳಿನಲ್ಲಿ ನಿಲ್ಲಿಸಿ ಒಣಗಿಸಬೇಕು. ಅಜ್ಜಿಯ 23ರಲ್ಲಿ ಎರಡು ಸೀಳಿವೆ. ಉಳಿದ 21ನ್ನೂ ಹೀಗೆಯೇ ತೊಳೆದು ಕೇಳಿದ್ದೇನೆ. ಒಂದೊಂದು ಬದಿ ಮೂರು ನಿಮಿಷದ ಆಸುಪಾಸು. ಅಮೀರಬಾಯಿಯವರ ದನಿ ಶುರುವಾಗುವ ಮೊದಲಿನ ಸಾರಂಗಿಯ ಎಳೆ ನಮ್ಮ ಮನೆಯ ಯಾರಿಗೂ ನೆನಪಿರಲಿಲ್ಲ, ನಮ್ಮ ತಾಯಿಗೂ. ಅವರು ಆ ಬದಿಯನ್ನು ಮತ್ತೆ ಹಾಕಿಸಿ ಕೇಳಿದರು.

ಯಂತ್ರವನ್ನು ಕೈಗೆ ಕೊಡುವಾಗ ಕಾಕಾ ಹೇಳಿದ ಒಂದು ಸೂಚನೆಯನ್ನು ಇಂಥ ಯಂತ್ರ ಇಟ್ಟುಕೊಂಡವರೆಲ್ಲರೂ ಪಾಲಿಸಬೇಕು. ಹಾಡು ನಡೆದಿರುವಾಗಲೇ ಕರೆಂಟು ಹೋದರೆ ಐಡ್ಲರ್ ಚಕ್ರ ಪುಲ್ಲಿಗೆ ಒತ್ತಿಕೊಂಡೇ ನಿಲ್ಲುತ್ತದೆ. ಹಾಗೆಯೇ ರಾತ್ರಿಯಿಡೀ ಬಿಟ್ಟರೆ ಹೊಸ ರಬ್ಬರಿನಲ್ಲೂ ತಗ್ಗು ಬೀಳುತ್ತದೆ. "ಲೈಟ್ ಹೋದ ಕೂಡಲೇ ಮೊದಲ ತೋಳ ಎತ್ತು, ಹಿಡಿಕಿ ಆಫ್‌ಗೆ ತಾ, ಮೇಣಬತ್ತಿ ಆಮ್ಯಾಲ ಹುಡುಕು" ಎಂದರು. ನಮ್ಮ ಬಡಾವಣೆಯಲ್ಲಿ ಬೇಸಿಗೆಯ ಸಂಜೆಗಳಲ್ಲಿ ಕರೆಂಟು ಹೋಗುವುದು ರೂಢಿ. ಈಗ ಮನೆಯ ಮಕ್ಕಳಿಗೂ ಈ ಕ್ರಮ ಬಾಯಿಪಾಠವಾಗಿದೆ.